ದುರ್ಬೀನು ಕೂರಿಸಿದ ಕೈ

ಲಷ್ಕರ್ ಮೊಹಲ್ಲಾ, ಮೈಸೂರು
14-2-1959

ಪ್ರೀತಿಯ ಚೆಲುವರಾಜು,

ನಿನ್ನ ಗೆಳೆಯ ಚಿಕ್ಕಣ್ಣನ ನಮಸ್ಕಾರ. ಇಲ್ಲಿ ನಾನೂ ಇಂದ್ರಮ್ಮನೂ ಹೇಗೋ ಇದ್ದೇವೆ. ಸರಗೂರಿನಲ್ಲಿ ನೀನು, ತಂಗಿ ಮಂಗಳಮ್ಮ, ಮಗ ಮಹದೇವು ಸುಖವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಕಾಗದ ಸಂಕ್ರಾಂತಿಯ ಮರುದಿನವೇ ಬಂತು. ಉತ್ತರ ಬರೆಯಲು ಎಷ್ಟೋ ಸಲ ಕೂತೆ, ಕೂತಷ್ಟು ಸಲವೂ ಎದ್ದುಬಿಟ್ಟೆ. ಕೆಲಸದ ನೆಪ ಹೇಳುವುದಿಲ್ಲ. ಕ್ಷಮಿಸು.

ಕೋವಿ ರಿಪೇರಿ ಈಗ ಮೊದಲಿನಷ್ಟಿಲ್ಲ. ಒಂದು ಗಂಟೆ ಬಗ್ಗಿ ಕೂತರೆ ಬೆನ್ನು ಎರಡು ಗಂಟೆ ಮಲಗು ಅನ್ನುತ್ತದೆ. ಆದರೂ ಮಿಲಿಟರಿ ರೈಫಲಿನ ಹಳೇ ದುರ್ಬೀನುಗಳನ್ನು ಕೂಡಿಹಾಕುವ ಹುಚ್ಚು ಬಿಟ್ಟಿಲ್ಲ. ಯುದ್ಧ ಮುಗಿದ ಮೇಲೆ ಡಿಸ್ಪೋಸಲ್ ಹರಾಜಿನಲ್ಲಿ ಸಿಕ್ಕವು, ಗುಜರಿಯಲ್ಲಿ ಸಿಕ್ಕವು, ಎಲ್ಲಾ ಸೇರಿ ಹನ್ನೊಂದಾಗಿವೆ. ಒಂದರ ಗಾಜಿನೊಳಗೆ ಬೂಷ್ಟು. ಇನ್ನೊಂದರ ಕೊಳವೆಯ ಮೇಲೆ ಯಾವನೋ ಸಿಪಾಯಿ ಮೊಳೆಯಿಂದ ಹೆಂಗಸಿನ ಹೆಸರು ಕೊರೆದಿದ್ದಾನೆ. ಅದನ್ನು ಉಜ್ಜಲು ಮನಸ್ಸಾಗಲಿಲ್ಲ. ಒಂದೊಂದನ್ನೂ ಅದರ ಕಾಲದ ರೈಫಲಿಗೇ ಕೂರಿಸಬೇಕೆಂಬುದು ನನ್ನ ಹಟ. ದುರ್ಬೀನು ಕೂರುವ ಅಡಿಪಟ್ಟಿಯನ್ನು ಅರದಿಂದ ಉಜ್ಜಿ ಉಜ್ಜಿ, ನಡುವೆ ಬೆಳಕು ನುಸುಳದ ಹಾಗೆ ಹೊಂದಿಸುತ್ತೇನೆ. ಗೋಡೆಗೆ ತೂಕದ ದಾರ ಇಳಿಬಿಟ್ಟು ಒಳಗಿನ ಗೆರೆ ನೆಟ್ಟಗಿದೆಯೇ ನೋಡುತ್ತೇನೆ. "ಈ ಕಬ್ಬಿಣದ ಕೂಸುಗಳಿಗೆ ಇನ್ನೆಷ್ಟು ದಿನ ಎರೀತೀರಿ?" ಅಂತ ಇಂದ್ರಮ್ಮನ ಗೊಣಗಾಟ.

ಹೋದ ತಿಂಗಳ ಕೊನೆಯಲ್ಲಿ ಯಾದವಗಿರಿಯಿಂದ ಸುಂದರೇಶಯ್ಯ ಅಂತ ಒಬ್ಬ ನಿವೃತ್ತ ಮೇಜರ್ ಬಂದಿದ್ದರು. ಎಲ್ಲವನ್ನೂ ಕಣ್ಣಿಗಿಟ್ಟು ನೋಡಿ, "ನಿಮ್ಮಂಥ ಕೈ ಈ ಸೀಮೇಲೇ ಇಲ್ಲ ಕಣ್ರೀ. ಒಂದು ಪ್ರದರ್ಶನ ಇಡೋಣ, ನಿಮ್ಮ ಹೆಸರು ದೊಡ್ಡದಾಗಿ ಬರೆಸ್ತೀನಿ" ಅಂದರು. ಬೇಡಿ ಸ್ವಾಮಿ ಅಂದೆ. ಅವರು ಹೋದ ಮೇಲೆ ಇಂದ್ರಮ್ಮ ಹಿಡಿದುಕೊಂಡಳು: "ಹೊಗಳೋಕೆ ಬಂದೋರ ಮುಂದೆ ಕಳ್ಳನ ಥರ ಯಾಕೆ ಮುಖ ಮಾಡ್ಕೊಂಡ್ರಿ?" ನಾನು ಅರ ಎತ್ತಿಕೊಂಡು ಕೆಲಸಕ್ಕೆ ಕೂತೆ.

ನಿನ್ನ ಕಾಗದದ ವಿಷಯಕ್ಕೆ ಬರುತ್ತೇನೆ. ಮಹದೇವುಗೆ ಫಾರೆಸ್ಟ್ ಗಾರ್ಡ್ ಕೆಲಸಕ್ಕೆ ಕರೆ ಬಂದಿದೆ, ಮಾರ್ಚ್ ಎರಡಕ್ಕೆ ಸೇರಬೇಕು, ನೀನು ಬೇಡವೆಂದು ಹಟ ಹಿಡಿದಿದ್ದೀಯ. "ನಮ್ದು ನಡುಗೋ ಕೈ ಕಣೋ, ನಮ್ಮ ವಂಶ ಕೋವಿ ಮುಟ್ಟಬಾರದು" ಅಂದೆಯಂತೆ. ಅವನು ನಿನ್ನ ಜೊತೆ ಮಾತು ಬಿಟ್ಟಿದ್ದಾನಂತೆ.

ಎಂಟು ವರ್ಷವಾಯಿತು. ಇಬ್ಬರನ್ನು ಕೊಂದ ಚಿರತೆಯನ್ನು ಹೊಡೆಯಲು, ಗುರಿ ತಪ್ಪದವನೆಂದು ಅಮಲ್ದಾರರು ನಿನ್ನನ್ನೇ ಕಳಿಸಿದರು. ನಾನು ದುರ್ಬೀನು ಕೂರಿಸಿದ ರೈಫಲು ನಿನ್ನ ಕೈಲಿತ್ತು. ಪಕ್ಕೆಗೆ ಬೀಳಬೇಕಾದ ಗುಂಡು ದವಡೆಗೆ ಬಿತ್ತು, ಗಾಯಗೊಂಡ ಮೃಗ ನಿನ್ನ ಮೇಲೆ ಬಿತ್ತು. ಆಸ್ಪತ್ರೆಯಲ್ಲಿ ನಿನ್ನ ಬಲಗೈ ತೆಗೆದ ಮೇಲೆ, ಎಚ್ಚರವಾಗಿ ನೀನಾಡಿದ ಮೊದಲ ಮಾತು ನನಗಿನ್ನೂ ಕೇಳಿಸುತ್ತದೆ: "ನನ್ನ ಕೈಯೇ ನಡುಗ್ಬುಡ್ತು ಕಣೋ ಚಿಕ್ಕಣ್ಣ. ನಿನ್ನ ಕೆಲಸದ ಹೆಸರು ಕೆಡಿಸ್ಬುಟ್ಟೆ." ನಾನು ನಿನ್ನ ತಲೆ ಸವರಿದೆ. ಮಾಡಿದ್ದು ಅಷ್ಟೇ.

ಮಹದೇವುಗೆ ನನ್ನ ಆಶೀರ್ವಾದ. ಚಾಮುಂಡಿ ತಾಯಿ ನಿಮ್ಮ ಮನೆಯನ್ನು ತಣ್ಣಗಿಡಲಿ. ಮಂಗಳಮ್ಮನಿಗೆ ಇಂದ್ರಮ್ಮ ಕೇಳಿದಳೆಂದು ಹೇಳು.

ನಿನ್ನವ,
ಚಿಕ್ಕಣ್ಣ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಅವತ್ತು ರೈಫಲು ಒಯ್ಯಲು ಜೀಪು ಬಂದು ಬಾಗಿಲಲ್ಲಿ ನಿಂತಿತ್ತು. ಎಣ್ಣೆ ಉಳಿದರೆ ಗುಂಡಿನ ಹೊಡೆತಕ್ಕೆ ಸಡಿಲವಾಗುತ್ತವೆಂದು ಗೊತ್ತಿದ್ದೂ, ಅವಸರದಲ್ಲಿ ದುರ್ಬೀನಿನ ಕೊನೆಯ ಎರಡು ತಿರುಪುಗಳ ಎಣ್ಣೆ ಒರೆಸದೆ ಹಾಗೇ ಹಾಕಿ, ಒಂದೇ ಗುಂಡು ಹಾರಿಸಿ ನೋಡಿ, ಸರಿಯಾಗಿದೆ ಅಂತ ಕೊಟ್ಟುಬಿಟ್ಟೆ. ರೈಫಲು ನನ್ನಲ್ಲಿಗೆ ವಾಪಸು ಬಂದಾಗ ದುರ್ಬೀನು ಅಲುಗಾಡುತ್ತಿತ್ತು. ತಿರುಪುಗಳು ಬೆರಳಿಗೇ ತಿರುಗಿದವು. ಯಾರೂ ನೋಡುವ ಮೊದಲು ಬಿಗಿ ಮಾಡಿದೆ. ಮರುದಿನ ಅಮಲ್ದಾರರು, "ನಿನ್ನ ಕೆಲಸದಲ್ಲಿ ಏನಾದ್ರೂ ಐಬಿತ್ತೇನಯ್ಯ?" ಅಂತ ಕೇಳಿದರು. "ಇಲ್ಲ ಬುದ್ಧಿ" ಅಂದೆ. ಅದನ್ನೇ ಬರೆದುಕೊಂಡರು.

ನಿನ್ನ ಕೈ ನಡುಗಿರಲಿಲ್ಲ, ಚೆಲುವ. ಇದಿಷ್ಟನ್ನು ಮಹದೇವುಗೆ ಓದಿ ಹೇಳು. ನಿನ್ನಿಂದ ಆಗದಿದ್ದರೆ ಇರಲಿ, ಇದೇ ಇಪ್ಪತ್ತೆರಡರ ಭಾನುವಾರ ಬೆಳಗಿನ ಬಸ್ಸಿಗೆ ನಾನೇ ಬಂದು ಅವನೆದುರು ಹೇಳುತ್ತೇನೆ. ನನ್ನನ್ನು ಒಳಗೆ ಕರೆಯುವುದು, ಬಿಡುವುದು ನಿನಗೆ ಸೇರಿದ್ದು.