ಗುಲಾಬಿಗೆ ಹೇನು ಸಾಕಿದ್ದು

ಬುಧವಾರ, ಬೆಳಿಗ್ಗೆ ಹತ್ತೂವರೆ

ನನ್ನ ಜಗಳಗಂಟಿಗೆ,

ಚೆನ್ನಾಗಿದ್ದೀಯಾ ಎಂದು ಕೇಳುವ ಮುಖ ನನಗಿಲ್ಲ, ಆದ್ದರಿಂದ ನೇರ ಗುಲಾಬಿಯ ವಿಷಯಕ್ಕೆ ಬರುತ್ತೇನೆ. ನೀನು ನಿಮ್ಮಕ್ಕನ ಮನೆಗೆ ಹೊರಟುಹೋದ ಮೇಲೆ ಕಿಟಕಿಯ ಹೊರಗಿನ ನಿನ್ನ ಗಿಡಕ್ಕೆ ಹಸಿರು ಹೇನು ಮುತ್ತಿಕೊಂಡವು. ಮೊಗ್ಗು ಕಾಣದಷ್ಟು. ಎಲೆಯೆಲ್ಲ ಅಂಟಂಟು, ಅದರ ಮೇಲೆ ಇರುವೆಗಳ ಸಾಲು. ನೀನಿದ್ದಾಗ ಈ ಕೆಲಸಕ್ಕೆ ನಾನು ಕೈ ಹಾಕಿದವನಲ್ಲ. ನೀನು ಮಗ್ಗಿನಲ್ಲಿ ಸೋಪಿನ ನೀರು ಹಿಡಿದು, ಕೆಳಗಿನ ಕೊಂಬೆಯಿಂದ ಶುರುಮಾಡಿ, ಒಂದೊಂದೇ ಎಲೆ ಮಗುಚಿ ಬ್ರಷ್ಷಿನಿಂದ ಉದುರಿಸುತ್ತಿದ್ದೆ. ನಾನು ಒಳಗೆ ಗಡಿಯಾರ ರಿಪೇರಿ ಮಾಡುತ್ತಾ, ಹೇನು ಹೆಕ್ಕೋದಕ್ಕೆ ಗಿಡದ ತಲೆಯೇ ಬೇಕಿತ್ತಾ ಎಂದು ಕಿಚಾಯಿಸುತ್ತಿದ್ದೆ.

ಹೋದ ತಿಂಗಳು, ಹಾಡಹಗಲಲ್ಲೇ, ಯಾರದೋ ಕೈಗಡಿಯಾರ ಬಿಚ್ಚಿಟ್ಟುಕೊಂಡು ಕೂತಿದ್ದೆ. ತಲೆ ಎತ್ತಿದರೆ ಕೆಳಗಿನ ಕೊಂಬೆಯ ಒಂದು ಎಲೆ ಮಗುಚಿತು. ಸ್ವಲ್ಪ ಹೊತ್ತು ಹಾಗೇ ನಿಂತು ಮತ್ತೆ ಸರಿಹೋಯಿತು. ಆಮೇಲೆ ಅದರ ಪಕ್ಕದ್ದು. ಆಮೇಲೆ ಅದರ ಮೇಲಿನದು. ಗಾಳಿ ಇರಲಿಲ್ಲ, ಒಣಹಾಕಿದ್ದ ಬಟ್ಟೆ ಒಂದಿಷ್ಟೂ ಅಲ್ಲಾಡುತ್ತಿರಲಿಲ್ಲ. ತುದಿಯ ಮೊಗ್ಗು ಮುಗಿಯುವವರೆಗೆ ಎದ್ದು ಹೋಗುವ ಧೈರ್ಯವಾಗಲಿಲ್ಲ. ಹೋಗಿ ನೋಡಿದಾಗ ಗಿಡದಲ್ಲಿ ಒಂದು ಹೇನೂ ಇಲ್ಲ. ಕಿಟಕಿಯ ಕಟ್ಟೆಯ ಮೇಲೆ ಖಾಲಿ ಬಿದ್ದಿದ್ದ ಮಗ್ಗಿನಲ್ಲಿ ಸೋಪಿನ ನೀರು, ಅದರ ತುಂಬ ಹೇನು.

ಹೆದರಿದೆ, ನಿಜ. ಆದರೆ ಅದಕ್ಕಿಂತ ಹೆಚ್ಚು ಖುಷಿಯಾಯಿತು. ಮರುದಿನ ಕಾದೆ. ವಾರವಿಡೀ ಕಾದೆ. ಎಲೆ ಮಗುಚಲಿಲ್ಲ. ಗಿಡ ಚೊಕ್ಕಟವಾಗಿತ್ತು, ನಿನಗೆ ಬರಲು ಕೆಲಸವೇ ಇರಲಿಲ್ಲ.

ಅದಕ್ಕೇ ನರ್ಸರಿಯಾಕೆಯ ಹತ್ತಿರ ಹೋಗಿ, ಹೇನು ಹಿಡಿದಿದೆ ಎಂದು ಕತ್ತರಿಸಿ ಎಸೆದಿದ್ದ ರೆಂಬೆಗಳನ್ನು ಕೇಳಿದೆ. ಎಲ್ರೂ ಹುಳ ಹೋಗ್ಲಿ ಅಂತ ಬರ್ತಾರೆ, ನೀವೊಬ್ರು ಹುಳ ಬೇಕು ಅಂತೀರಲ್ಲ, ತಲೆಗಿಲೆ ಕೆಟ್ಟಿದೆಯಾ ಎಂದಳು. ಚೀಲದಲ್ಲಿ ತಂದು ನಿನ್ನ ಗಿಡಕ್ಕೆ ಕಟ್ಟಿದೆ. ಐದನೇ ದಿನ ಎಲೆಗಳು ಮತ್ತೆ ಮಗುಚಿದವು. ಕಿಟಕಿಯಿಂದ ಮೆಲ್ಲಗೆ, ಒಳಗೆ ಬಾರೇ ಎಂದೆ. ಮಗುಚುತ್ತಿದ್ದ ಎಲೆ ಅರ್ಧಕ್ಕೇ ನಿಂತಿತು. ಸಂಜೆಯವರೆಗೂ ಹಾಗೇ ನಿಂತಿತ್ತು.

ಆಮೇಲೆ ನಾನು ಬಾಯಿ ಬಿಟ್ಟಿಲ್ಲ. ನಾನು ಹೇನು ಹತ್ತಿಸುತ್ತೇನೆ, ನೀನು ತೆಗೆಯುತ್ತೀಯ. ಆದರೆ ಗಿಡ ಸೊರಗುತ್ತಿದೆ. ಎರಡು ಕೊಂಬೆ ಒಣಗಿವೆ, ಮೊಗ್ಗುಗಳು ಸೊಟ್ಟಗಾಗಿ ಅರಳದೆ ಉದುರುತ್ತಿವೆ. ಇನ್ನೊಂದು ಸಲ ಹೇನು ಹತ್ತಿದರೆ ಉಳಿಯಲ್ಲ ಎಂದಿದ್ದಾಳೆ ನರ್ಸರಿಯಾಕೆ. ಹತ್ತಿಸದಿದ್ದರೆ ನೀನು ಬರುವುದಿಲ್ಲ. ಏನು ಮಾಡಲಿ, ನೀನೇ ಹೇಳು.

ನಾನು ಔಷಧಿ ಹೊಡೆದು ನಿನ್ನ ಇನ್ನೊಂದು ಗಿಡ ಸಾಯಿಸಿದ್ದಕ್ಕೆ ನೀನು ಮುನಿಸಿಕೊಂಡು ಹೋದೆ ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳಿಕೊಂಡಿದ್ದೇನೆ. ಎಲ್ಲರೂ ನಗುತ್ತಾರೆ. ಕಾರಣ ಅದಲ್ಲವೆಂದು ನಿನಗೂ ಗೊತ್ತು. ಹೊಟ್ಟೆಯಲ್ಲಿ ನೋವು ಎಂದು ನೀನು ಮೂರು ಸಲ ಹೇಳಿದೆ. ಮೂರು ಸಲವೂ ನಾನು ಕಣ್ಣಿಗೆ ಸಿಕ್ಕಿಸಿಕೊಂಡ ಮಸೂರ ತೆಗೆಯದೆ ಹ್ಞೂಂ ಎಂದೆ. ಪುಟಾಣಿ ಚಕ್ರದ ಒಂದು ಹಲ್ಲು ಮುರಿದದ್ದು ಕಂಡವನಿಗೆ ನಿನ್ನ ಮುಖ ಬಾಡಿದ್ದು ಕಾಣಲಿಲ್ಲ. ತಪ್ಪಾಯಿತು ಕಣೇ. ಇಷ್ಟು ಹೇಳಲು ಇಷ್ಟು ದಿನ ಬೇಕಾಯಿತು.

ಈ ಪತ್ರವನ್ನು ಅಂಚೆಗೆ ಹಾಕುವುದಿಲ್ಲ, ಮಗ್ಗಿನ ಕೆಳಗೆ ಇಡುತ್ತೇನೆ. ರೆಂಬೆಯ ಚೀಲ ಬಾಗಿಲಲ್ಲೇ ಇದೆ. ಇವತ್ತೂ ಕಟ್ಟುತ್ತೇನೆ.

ಇಂದಿಗೂ ನಿನ್ನವನೇ ಆದ,
ಗಡಿಯಾರದವನು

ತಾ.ಕ.: ನಿಮ್ಮಕ್ಕ ಮತ್ತೆ ಫೋನ್ ಮಾಡಿದ್ದರು. ನಿನ್ನ ಸಮಾಧಿಯ ಪಕ್ಕ ನೆಡುವುದಕ್ಕೆ ಈ ಗಿಡದ ಒಂದು ಕಡ್ಡಿ ಕಳಿಸಿ ಎಂದರು. ಆಯಿತು ಎಂದಿದ್ದೇನೆ, ಆದರೆ ಕಳಿಸುವುದಿಲ್ಲ. ಅಲ್ಲೇ ಒಂದು ಚಿಗುರಿಬಿಟ್ಟರೆ ನೀನು ಇಷ್ಟು ದೂರ ಯಾಕೆ ಬರುತ್ತೀಯ.