ಹತ್ತೊಂಬತ್ತನೇ ಹಾಳೆಯ ಬೆಟ್ಟ

ಜುಲೈ 3, 2007. ಮಂಗಳವಾರ

ಹದಿನಾಲ್ಕನೇ ಹಾಳೆ ಮುಗಿಯಿತು. ಕಣ್ಣು ಉರಿ. ಹೊರಗೆ ನಲವತ್ತಾರು ಡಿಗ್ರಿ, ನನ್ನ ಮಾನಿಟರ್‌ನಲ್ಲಿ ಹಿಮನದಿ. ದೋಹಾ ಜದೀದಾ ಬಡಾವಣೆಯ ಆಫೀಸಿನ ಮೂರನೇ ಮಹಡಿಯಲ್ಲಿ ಕೂತು ಕೆನಡಾದ ಉತ್ತರ ತುದಿಯ ಬಂಡೆಗಳಿಗೆ ಗೆರೆ ಎಳೆಯುವುದು ಎಂಥ ಕೆಲಸ ಎಂದು ಅಮ್ಮನಿಗೆ ಫೋನಿನಲ್ಲಿ ವಿವರಿಸಲು ಹೋಗಿ ಎರಡು ಸಲ ಸೋತೆ. “ಕಂಪ್ಯೂಟರ್ ಕೆಲಸ” ಎಂದುಬಿಟ್ಟೆ.

ಕಳೆದ ಬೇಸಿಗೆಯಲ್ಲಿ ಮೈಕಲ್ ಎಂಬ ಜಿಯಾಲಜಿಸ್ಟ್ ಸುತ್ತಿಗೆ ಹಿಡಿದು ಅಲ್ಲೆಲ್ಲ ನಡೆದು, ಯಾವ ಬಂಡೆ ಎಲ್ಲಿಂದ ಎಲ್ಲಿಯವರೆಗೆ ಎಂದು ಕಾಗದದ ಮೇಲೆ ಕಲರ್ ಪೆನ್ಸಿಲ್‌ನಲ್ಲಿ ಬರೆದಿದ್ದಾರೆ. ಮುನ್ನೂರು ಕೋಟಿ ವರ್ಷದ ಬಂಡೆಗಳಂತೆ. ಆ ಮೂವತ್ತೊಂದು ಹಾಳೆ ಕೊರಿಯರ್‌ನಲ್ಲಿ ಇಲ್ಲಿಗೆ ಬಂದಿವೆ. ನೌಶಾದ್ ಸ್ಕ್ಯಾನ್ ಮಾಡುತ್ತಾನೆ, ನಾನು ಕಂಪ್ಯೂಟರಿನಲ್ಲಿ ಗೆರೆ ತಿದ್ದಿ ಬಣ್ಣ ತುಂಬುತ್ತೇನೆ. ಮೈಕಲ್ ಅಕ್ಷರ ಅಂದರೆ ಡಾಕ್ಟರ ಚೀಟಿ. ಇಡೀ ಆಫೀಸಿನಲ್ಲಿ ಓದಲು ಬರುವುದು ನನಗೊಬ್ಬಳಿಗೆ. ಅಂಚಿನಲ್ಲಿ ಅವರು “ನರಿ ಊಟ ಕದ್ದಿತು” ಎಂದು ಬರೆದದ್ದನ್ನು ನೌಶಾದ್ ಮೊನ್ನೆ ಬಂಡೆಯ ಹೆಸರಿನ ಕಾಲಮ್ಮಿಗೆ ತುಂಬಿಸಿದ್ದ. ಸದ್ಯ, ಕಣ್ಣಿಗೆ ಬಿತ್ತು.

ಜುಲೈ 5, ಗುರುವಾರ

ಹಾಳೆ ಹತ್ತೊಂಬತ್ತು. ಸಲೀಸು. ಎಲ್ಲ ಕಡೆ ಒಂದೇ ಬೂದು ಬಂಡೆ. ನಡುವೆ ಒಂದೇ ಒಂದು ಕಡೆ ಕಪ್ಪು-ನೇರಳೆ ಮಚ್ಚೆ. ಬಂಡೆಯ ನಂಬರ್ ಹಾಕಿಲ್ಲ, ಮೈಕಲ್ ಮರೆತಿರಬೇಕು. ಬಣ್ಣದ ಪಟ್ಟಿ ನೋಡಿದೆ. ಆ ಬಣ್ಣಕ್ಕೆ ಇರುವುದು ಒಂದೇ ಜಾತಿಯ ಬಂಡೆ – ಅಲ್ಟ್ರಾಮೆಫಿಕ್. ಸುತ್ತ ಗೆರೆ ಎಳೆದು ಹಾಕಿದೆ. ಸ್ಕೇಲ್ ಪ್ರಕಾರ ಮುನ್ನೂರು ಮೀಟರ್ ಉದ್ದ, ಒಂದು ಬೆಟ್ಟದಷ್ಟು. ಒಂದು ಪಕ್ಕದಿಂದ ಮೂರು, ಇನ್ನೊಂದು ಪಕ್ಕದಿಂದ ಎರಡು ಸಪೂರ ಗೆರೆ ಹೊರಟಿವೆ. ಅವು ಬಿರುಕುಗಳು. ಐದನ್ನೂ ಬಿಡದೆ ಎಳೆದೆ. ನೀಟಾಗಿ ಬಂತು.

ಜುಲೈ 9, ಸೋಮವಾರ

ಆಫೀಸಿನಲ್ಲಿ ಬಿರಿಯಾನಿ!

ಮೈಕಲ್‌ರ ಕಂಪನಿಯ, ಅಂದರೆ ನಮ್ಮ ಕ್ಲೈಂಟ್‌ನ, ಹೆಡ್ ಆಫೀಸಿಗೆ ಹತ್ತೊಂಬತ್ತನೇ ಹಾಳೆ ನೋಡಿ ಖುಷಿಯೋ ಖುಷಿ. ಅಂಥ ಬಂಡೆಯಲ್ಲೇ ನಿಕ್ಕಲ್ ಇರುವುದಂತೆ. ಮ್ಯಾನೇಜರ್ ಎಲೈಜಾ ಸರ್ ಕೆ.ಜಿ.ಎಫ್.ನವರು. ಅಪ್ಪ ಚಿನ್ನದ ಗಣಿಯಲ್ಲಿದ್ದರು ಎಂಬ ಒಂದೇ ಕಾರಣಕ್ಕೆ ತಮಗೂ ಬಂಡೆ ಗೊತ್ತು ಎಂದು ನಂಬಿದವರು.

“ನೋಡಮ್ಮಾ ಲೀಲಾಕ್ಷಿ, ನಂಗೆ ಆ ಶೇಪ್ ನೋಡಿದ ಕೂಡ್ಲೇ ಡೌಟ್ ಬಂತು. ಇದರಲ್ಲಿ ಏನೋ ಇದೆ ಅಂತ.”

ಈ ವರ್ಷದ ಹಾಳೆಗಳ ಕೆಲಸವೂ ನಮಗೇ ಸಿಗಬಹುದಂತೆ. ಸಿಕ್ಕರೆ ನನ್ನ, ನೌಶಾದನ, ಇನ್ನಿಬ್ಬರ ವೀಸಾ ರಿನ್ಯೂ ಆಗುತ್ತದೆ. ಇಲ್ಲದಿದ್ದರೆ ಸೆಪ್ಟೆಂಬರ್‌ಗೆ ಖಲಾಸ್.

ಎರಡು ಪ್ಲೇಟ್ ತಿಂದೆ.

ಜುಲೈ 21, ಶನಿವಾರ



ಒರಿಜಿನಲ್ ಹಾಳೆಗಳನ್ನು ವಾಪಸು ಕಳಿಸಲು ಪ್ಯಾಕಿಂಗ್. ನೌಶಾದ್ ಒಂದೊಂದನ್ನೇ ಒಣಬಟ್ಟೆಯಲ್ಲಿ ಒರೆಸುತ್ತಿದ್ದ. ಹತ್ತೊಂಬತ್ತಕ್ಕೆ ಬಂದವನು ಬಟ್ಟೆ ಕೆಳಗಿಟ್ಟ.

“ಅಕ್ಕಾ.”

“ಎಂತ?”

“ನಿಮ್ಮ ಗುಡ್ಡೆ ಉದುರಿತು.”

ತಮಾಷೆ ಅಂದುಕೊಂಡೆ. ಹೋಗಿ ನೋಡಿದರೆ ಮೇಜಿನ ಮೇಲೆ ಅಲ್ಟ್ರಾಮೆಫಿಕ್ ಬಿದ್ದಿದೆ. ಹಾಳೆಯ ಮೇಲೆ ಬರೀ ಬೂದು ಬಣ್ಣ. ಭೂತಗನ್ನಡಿ ಹಿಡಿದೆವು. ಸೊಳ್ಳೆ. ಮೈಕಲ್ ಹೋದ ವರ್ಷ ಹೊಡೆದು ಕೊಂದ ಸೊಳ್ಳೆ! ಬಿರುಕು ಎಂದು ಎಳೆದದ್ದು ಕಾಲುಗಳು. ಒಂದು ಮುರಿದಿತ್ತು, ಹಾಗಾಗಿ ಐದು.

“ಹಿಮದಲ್ಲಿ ಸೊಳ್ಳೆ ಉಂಟಾ?” ಎಂದೆ. ಆ ಹೊತ್ತಿಗೆ ಬಾಯಿಗೆ ಬಂದ ಪ್ರಶ್ನೆ ಅದು.

“ಎಂಥ ಸೈಜ್ ಅಕ್ಕ! ನಮ್ಮ ಉಳ್ಳಾಲದ್ದು ಇದರ ಮುಂದೆ ಏನೂ ಅಲ್ಲ. ಗಮ್ ಹಾಕಿ ವಾಪಸ್ ಅಂಟಿಸುವನಾ?”

ಹಲ್ಲು ಕಚ್ಚಿ ಅವನನ್ನು ನೋಡಿದೆ. ಸೊಳ್ಳೆಯನ್ನು ಸ್ಟೇಪ್ಲರ್ ಪಿನ್ನಿನ ಡಬ್ಬಿಯಲ್ಲಿ ಹಾಕಿ ಡ್ರಾಯರಿನಲ್ಲಿಟ್ಟೆ.

ಜುಲೈ 22, ಭಾನುವಾರ

ಬೆಳಿಗ್ಗೆ ಚಾ ಕುಡಿಯುವಾಗ ಯಜ್ಞೇಶ್‌ಗೆ ಹೇಳಿದೆ. ಗಂಡ ಅನಿಸಿಕೊಂಡವರು ಸಮಾಧಾನ ಮಾಡಬೇಕಲ್ಲ – ಇವರು ನಕ್ಕೂ ನಕ್ಕೂ ಚಾ ಮೂಗಿಗೆ ಹತ್ತಿಸಿಕೊಂಡರು. ಎಂಟು ವರ್ಷದ ಮಗಳು ಮೋಕ್ಷಾ ಎದ್ದು ಬಂದು, “ಅಮ್ಮ ಏನು ಮಾಡಿತು?” ಎಂದಳು. ಕನ್ನಡ ಟೀಚರ್ ಇಲ್ಲದ ಶಾಲೆ.

ಆಮೇಲೆ ಇವರಿಗೆ ವೀಸಾ ನೆನಪಾಯಿತು ಕಾಣುತ್ತದೆ. ನಗು ನಿಂತಿತು.

“ಹೇಳ್ಬೇಡ ಮಾರಾಯ್ತಿ. ಅಷ್ಟು ದೂರದಲ್ಲಿ ಬಂಡೆ ಉಂಟಾ ಇಲ್ವಾ ಅಂತ ಯಾರು ಹೋಗಿ ನೋಡ್ತಾರೆ?”

ಸರಿ ಅನಿಸಿತು. ಯಾರು ನೋಡುತ್ತಾರೆ?

ಜುಲೈ 23, ಸೋಮವಾರ

ಮೈಕಲ್ ಹೋಗಿ ನೋಡುತ್ತಾರೆ.

ಈ ಬೇಸಿಗೆಗೂ ಅವರು ಅಲ್ಲೇ ಕ್ಯಾಂಪಿನಲ್ಲಿದ್ದಾರೆ. ಗುರುವಾರ ಹೆಲಿಕಾಪ್ಟರ್‌ನಲ್ಲಿ ಹತ್ತೊಂಬತ್ತನೇ ಹಾಳೆಯ ಜಾಗಕ್ಕೆ ಹೋಗುತ್ತಾರಂತೆ. ನನಗೇ ಇಮೇಲ್ ಮಾಡಿದ್ದಾರೆ. ಮೊದಲ ಸಲ.

“ಆ ಬೆಟ್ಟ ಕಂಡ ನೆನಪು ನನಗಿಲ್ಲ. ನೋಟ್‌ಬುಕ್ಕಿನಲ್ಲೂ ಇಲ್ಲ. ಆದರೆ ಹಾಳೆಯಲ್ಲಿದೆ, ಅಂದರೆ ನಾನೇ ಬರೆದಿರಬೇಕು. ಅರವತ್ತೆರಡಾಯಿತು. ಇದೇ ಕೊನೆಯ ಬೇಸಿಗೆ ಮಾಡಿಕೊಳ್ಳಿ ಎಂದು ಹೆಡ್ ಆಫೀಸಿನವರು ಮೆಲ್ಲಗೆ ಹೇಳುತ್ತಿದ್ದಾರೆ. ಮುನ್ನೂರು ಮೀಟರಿನ ಬೆಟ್ಟವನ್ನೇ ಮರೆಯುವವನು ಇನ್ನೇನು ವಾದ ಮಾಡಲಿ?”

ಮೂರು ಸಲ ಓದಿದೆ. ಮಧ್ಯಾಹ್ನದ ಡಬ್ಬಿ ತೆರೆಯಲಿಲ್ಲ.

ಜುಲೈ 24, ಮಂಗಳವಾರ. ಸಂಜೆ 5

ಹೇಳಿದೆ. ಡ್ರಾಯರಿನಿಂದ ಸೊಳ್ಳೆಯ ಡಬ್ಬಿ ತೆಗೆದು ಎಲೈಜಾ ಸರ್ ಮೇಜಿನ ಮೇಲಿಟ್ಟೆ.

“ಏನಮ್ಮಾ ಇದು?”

“ನಿಕ್ಕಲ್, ಸರ್.”

ಅರ್ಥವಾಗಲು ಐದು ನಿಮಿಷ ಹಿಡಿಯಿತು. ಆಮೇಲೆ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು.

“ಸಾಫ್ಟ್‌ವೇರ್ ಪ್ರಾಬ್ಲಮ್ ಅಂತ ಬರೆದುಬಿಡು.”

“ಸಾಫ್ಟ್‌ವೇರ್‌ಗೆ ಕಾಲು ಇರುದಿಲ್ಲ ಸರ್. ಆ ಮನುಷ್ಯ ತನಗೆ ಮರೆವು ಬಂತು ಅಂತ ತಿಳ್ಕೊಂಡಿದ್ದಾರೆ.”

“ನಾಲ್ಕು ಜನದ ವೀಸಾ, ಲೀಲಾಕ್ಷಿ.”

“ಗೊತ್ತುಂಟು. ಅದರಲ್ಲಿ ಒಂದು ನಂದು.”

  ಕೊನೆಗೆ ಡಬ್ಬಿಯನ್ನು ಬೆರಳ ತುದಿಯಿಂದ ನನ್ನ ಕಡೆಗೆ ತಳ್ಳಿದರು.

“ನಿನ್ನ ಹೆಸರಲ್ಲೇ ಕಳಿಸು. ನನ್ನ ಹೆಸರು ಬೇಡ.”

ಜಿಯಾಲಜಿಸ್ಟ್‌ಗಳು ಬಂಡೆಯ ಫೋಟೋ ತೆಗೆಯುವಾಗ ಅಳತೆಗೆಂದು ಪಕ್ಕದಲ್ಲಿ ಸುತ್ತಿಗೆ ಇಡುತ್ತಾರೆ. ನಾನು ಐವತ್ತು ದಿರಮ್ ನಾಣ್ಯ ಇಟ್ಟೆ. ನೌಶಾದ್ ಫೋಟೋ ತೆಗೆದ. “ನಿಮ್ಮ ನೆನಪು ಸರಿಯಾಗಿದೆ. ನನ್ನ ಕಣ್ಣು ಸರಿಯಿಲ್ಲ. ಕ್ಷಮಿಸಿ” ಎಂದು ಬರೆದು, ಹೆಡ್ ಆಫೀಸಿಗೂ ಕಾಪಿ ಹಾಕಿ, ನಾಲ್ಕು ಹತ್ತಕ್ಕೆ ಕಳಿಸಿದೆ. ಆಮೇಲೆ ಬಾತ್‌ರೂಮಿಗೆ ಹೋಗಿ ಮುಖ ತೊಳೆದೆ.

ಜುಲೈ 25, ಬುಧವಾರ

ಉತ್ತರ ಇಲ್ಲ. ಎಲೈಜಾ ಸರ್ ಗುಡ್ ಮಾರ್ನಿಂಗೂ ಹೇಳಲಿಲ್ಲ. ನೌಶಾದ್ ಮಾತ್ರ, “ಅಕ್ಕ, ಊರಿಗೆ ಹೋದ್ರೆ ಒಟ್ಟಿಗೆ ಮೀನಿನ ಅಂಗಡಿ ಹಾಕುವ” ಎಂದ. ಮನೆಗೆ ಬಂದು ಇವರಿಗೂ ಹೇಳಿದೆ. ಬೈಯಲಿಲ್ಲ. ರಾತ್ರಿ ಅಡುಗೆ ತಾನೇ ಮಾಡುತ್ತೇನೆ ಎಂದರು. ಅದು ಬೈಗಳಿಗಿಂತ ಹೆದರಿಕೆ ಹುಟ್ಟಿಸಿತು.

ಜುಲೈ 26, ಗುರುವಾರ

ಎರಡು ಇಮೇಲ್.

ಒಂದು ಮೈಕಲ್‌ರದ್ದು. ಹವೆ ಚೆನ್ನಾಗಿದೆ ಎಂದು ಮಂಗಳವಾರವೇ ಹೊರಟುಬಿಟ್ಟಿದ್ದರಂತೆ. ನನ್ನ ಇಮೇಲ್ ಕ್ಯಾಂಪಿಗೆ ತಲುಪುವಾಗ ಅವರು ಆಕಾಶದಲ್ಲಿ. ನಾಲ್ಕು ಗಂಟೆ ಹುಡುಕಿದ್ದಾರೆ. “ಬೆಟ್ಟ ಸಿಗಲಿಲ್ಲ. ಅದರ ಸಂಬಂಧಿಕರು ಸಿಕ್ಕಿದರು. ಲಕ್ಷಾಂತರ. ನನ್ನನ್ನು ಗುರುತಿಸಿದರು.” ಕೆಳಗೆ – “ವಾಪಸು ಬಂದು ನಿಮ್ಮ ಫೋಟೋ ನೋಡಿ ಟೆಂಟಿನಲ್ಲಿ ಒಬ್ಬನೇ ನಕ್ಕೆ. ಒಂದು ತಿಂಗಳಿಂದ ನಕ್ಕಿರಲಿಲ್ಲ.”

ಇನ್ನೊಂದು ಹೆಡ್ ಆಫೀಸಿನದು. ಅಲ್ಲಿ ಯಾರೂ ನಕ್ಕಿಲ್ಲ. ಮೂವತ್ತೊಂದು ಹಾಳೆಯನ್ನೂ ಮಚ್ಚೆ ಮಚ್ಚೆ ಹಿಡಿದು ಮರುಪರಿಶೀಲಿಸಬೇಕು. ಹೊಸ ಕೆಲಸ ಸದ್ಯಕ್ಕಿಲ್ಲ.

ಜುಲೈ 31, ಮಂಗಳವಾರ

ಹಾಳೆ ಇಪ್ಪತ್ತಾರರವರೆಗೆ ಪರೀಕ್ಷೆ ಆಯಿತು. ಕಾಫಿ ಕಲೆ ಎರಡು, ಜಾಮ್ ಒಂದು. ಅವನ್ನೆಲ್ಲ ಮೊದಲೇ ಬಿಟ್ಟಿದ್ದೆ. ಬೇರೆ ಪ್ರಾಣಿ ಇಲ್ಲ.

ಸಂಜೆ ಎಲೈಜಾ ಸರ್ ಬಂದು ಒಂದು ಪ್ರಿಂಟ್‌ಔಟ್ ಇಟ್ಟು ನಿಂತರು. ಮೈಕಲ್ ಹೆಡ್ ಆಫೀಸಿನ ಜೊತೆ ಜಗಳ ಆಡಿದ್ದಾರೆ. ಈ ವರ್ಷದ ಹಾಳೆಗಳನ್ನು ತನ್ನ ಅಕ್ಷರ ಓದಬಲ್ಲ, ತಪ್ಪು ಒಪ್ಪಬಲ್ಲ ಆ ದೋಹಾದ ಹೆಂಗಸಿಗೇ ಕಳಿಸುವುದು, ಇಲ್ಲವಾದರೆ ಯಾರಿಗೂ ಇಲ್ಲ ಎಂದರಂತೆ. ಹೆಡ್ ಆಫೀಸಿನವರು ಒಪ್ಪಿದ್ದಾರೆ. ನಾಲ್ಕೂ ವೀಸಾ ಉಳಿಯಿತು! ಮೈಕಲ್‌ರದ್ದು ಒಂದೇ ಷರತ್ತು: “ಮೊದಲು ಎಲ್ಲಾದರೂ ನಿಜವಾದ ಬಂಡೆಯ ಮೇಲೆ ನಿಂತು ಒಂದು ನಕ್ಷೆ ಬರೆದು ಕಳಿಸಿ.”

“ನಂಗೆ ಮೊದಲೇ ಗೊತ್ತಿತ್ತಮ್ಮಾ,” ಎಂದರು ಎಲೈಜಾ ಸರ್, “ಹಾನೆಸ್ಟಿ ವರ್ಕೌಟ್ ಆಗತ್ತೆ ಅಂತ.”

ಆಗಸ್ಟ್ 3, ಶುಕ್ರವಾರ. ಬೆಳಿಗ್ಗೆ 6:40, ದುಖಾನ್ ಹತ್ತಿರ

ಕಾರಿನಲ್ಲಿ ಕೂತು ಬರೆಯುತ್ತಿದ್ದೇನೆ. ಹತ್ತು ನಿಮಿಷದ ವಿಶ್ರಾಂತಿ. ಮೋಕ್ಷಾಳ ಕ್ರೇಯಾನ್ ನಿನ್ನೆಯ ಬಿಸಿಲಿಗೆ ಡ್ಯಾಶ್‌ಬೋರ್ಡ್ ಮೇಲೆ ಕರಗಿ ಹಸಿರು-ಕೆಂಪು ಒಂದಾಗಿವೆ. ಮೈಕಲ್ ಕೇಳಿದ ನಕ್ಷೆಗೆ ಪೆನ್ಸಿಲ್ ಒಂದೇ ಗತಿ. ಇವರ ಶೂ ಹಾಕಿದ್ದೇನೆ, ಎರಡು ಸೈಜ್ ದೊಡ್ಡದು. “ಕಲ್ಲು ನೋಡ್ಲಿಕ್ಕೆ ಎಂಬತ್ತು ಕಿಲೋಮೀಟರ್!” ಎಂದು ಇವರು ದಾರಿಯಿಡೀ ಗೊಣಗಿದರು. ಈಗ ಅವರೇ ಸ್ಪಾನರ್ ಹಿಡಿದು ಕಂಡ ಕಲ್ಲಿಗೆಲ್ಲ ಬಡಿಯುತ್ತಿದ್ದಾರೆ.

ಏಳು ವರ್ಷ ಬಂಡೆಗಳ ಅಂಚು ಎಳೆದಿದ್ದೇನೆ. ಅಂಚು ಅಂದರೆ ಒಂದು ಗೆರೆ, ಅಷ್ಟೇ ತಿಳಿದದ್ದು. ಇಲ್ಲಿ ಗೆರೆಯೇ ಇಲ್ಲ. ಬಿಳಿ ಕಲ್ಲು ಮೆಲ್ಲಗೆ ಕಂದು ಬಣ್ಣವಾಗುತ್ತದೆ, ನಡುವೆ ಎರಡೂ ಅಲ್ಲದ ಒಂದು ಗೇಣು. ಎಡಗಾಲು ಬಿಳಿಯದರ ಮೇಲೆ, ಬಲಗಾಲು ಕಂದು ಕಲ್ಲಿನ ಮೇಲೆ ಇಟ್ಟು ಎಷ್ಟು ಹೊತ್ತು ನಿಂತೆನೋ. ಮೈಕಲ್ ಇಂಥ ಕಡೆ ನಿಂತೇ ಮೂವತ್ತೊಂದು ಹಾಳೆ ಬರೆದಿದ್ದಾರೆ.

“ಯಲ್ಲಾ, ಹೊರಡುವ, ಬಿಸಿಲು ಏರ್ತಾ ಉಂಟು,” ಎಂದು ಇವರು ಕೂಗುತ್ತಿದ್ದಾರೆ.

ಆ ದಿಬ್ಬದವರೆಗೆ ಹೋಗಿ ಬರುತ್ತೇನೆ ಎಂದೆ. ಕಂದು ಕಲ್ಲು ಅಲ್ಲಿ ತಿರುಗುತ್ತದೆ, ಎಡಕ್ಕೆ ಅಂತ ಕಾಣುತ್ತದೆ. ಅಲ್ಲ, ಇಲ್ಲಿಂದ ನೋಡಿದರೆ ಬಲಕ್ಕೆ. ಹತ್ತಿರ ಹೋಗಿಯೇ ಗೆರೆ ಎಳೆಯಬೇಕು –