ಹದಿನೇಳು ಕಡೆ ತಿದ್ದಿದ ಪದ

ಮಾರ್ಚ್ 4, ಬೆಳಿಗ್ಗೆ

ಮತ್ತೆ ನಲವತ್ತು ಪುಟ ಕರಡು. ಅವಸರ ಪ್ರೆಸ್ಸಿನವರದು, ಕಣ್ಣು ನನ್ನದು. ಈ ಸಲ ನಿವೃತ್ತ ಮೇಷ್ಟ್ರೊಬ್ಬರ ಅನುವಾದ — ಚರ್ಚು ಎಂದೋ ಬದಿಗಿಟ್ಟ ಹಳೆಯ ಸುವಾರ್ತೆಯೊಂದರದು. ಶಿಷ್ಯ ಯೂದ ತನ್ನ ಗುರು ಯೇಸುವನ್ನು ವೈರಿಗಳಿಗೆ 'ಒಪ್ಪಿಸಿದನು' ಎಂದು ಬರೆದಿದ್ದಾರೆ. ಒಪ್ಪಿಸುವುದಕ್ಕೆ ಅದೇನು ಪಾರ್ಸೆಲ್ಲೇ? ಕೆಂಪು ಪೆನ್ನು ತೆಗೆದು 'ಹಿಡಿದುಕೊಟ್ಟನು' ಮಾಡಿದೆ. ಹದಿನೇಳು ಕಡೆ. ಇಪ್ಪತ್ತು ವರ್ಷ ಸಂಡೇ ಸ್ಕೂಲಿನಲ್ಲಿ ಪಾಠ ಹೇಳಿದವಳಿಗೆ ಇಷ್ಟೂ ಗೊತ್ತಿಲ್ಲವೇ!

ಮಾರ್ಚ್ 7

ಮೇಷ್ಟ್ರ ಫೋನ್. ಬೈಯುತ್ತಾರೆ ಅಂದುಕೊಂಡಿದ್ದೆ, ನಕ್ಕರು.

"ಅಮ್ಮಾ, ನೀವು ಕಾಗುಣಿತ ತಿದ್ದಿ ಸಾಕು. ಯೂದನ್ನ ಯಾಕೆ ತಿದ್ದೋಕೆ ಹೋದ್ರಿ?"

"ಹಿಡಿದುಕೊಟ್ಟಿದ್ದು ಅವನೇ ಅಲ್ವಾ ಸಾರ್?"

"ಈ ಪುಸ್ತಕದಲ್ಲಿ ಗುರುನೇ ಹೇಳಿ ಮಾಡಿಸ್ತಾನೆ. ಹಿಡಿದುಕೊಟ್ಟ ಅಂದ್ರೆ ಅದು ತೀರ್ಪು. ಮಾಡು ಅಂತ ಹೇಳಿದ್ದು ಯಾರು ಅಂತ ಕೇಳ್ದೇನೇ ತೀರ್ಪು ಕೊಡೋದಾ?"

ಹಾಗಾದರೆ ಯಾವುದು ನಿಜ ಅಂದೆ.

"ಅದು ನಂಗೂ ಗೊತ್ತಿಲ್ಲಮ್ಮ. ಕೇಳಬಹುದು ಅನ್ನೋದಷ್ಟೇ ಗೊತ್ತು."

ಹದಿನೇಳನ್ನೂ ಮೊದಲಿನಂತೆ ಮಾಡುತ್ತ ಕೂತೆ. ಒಂಬತ್ತನೆಯದರ ಹತ್ತಿರ ತಮ್ಮ ನೆನಪಾದ. ಪೆನ್ನು ಕೆಳಗಿಟ್ಟೆ.

ಮಾರ್ಚ್ 8

ಬರೆದೇಬಿಡುತ್ತೇನೆ. ಓದುವವರು ಯಾರಿದ್ದಾರೆ.

ಹನ್ನೊಂದು ವರ್ಷದ ಹಿಂದೆ ಅಪ್ಪನನ್ನು ನನ್ನ ತಮ್ಮ ಕುಡಿತ ಬಿಡಿಸುವ ಆಸ್ಪತ್ರೆಗೆ ಸೇರಿಸಿದ. ನನಗೆ ಒಂದು ಮಾತು ಹೇಳಲಿಲ್ಲ. ಮೂರನೇ ವಾರ ಅಪ್ಪ ಅಲ್ಲೇ ಹೋದರು, ಹೃದಯಾಘಾತ. ಸ್ಮಶಾನದ ಗೇಟಿನಲ್ಲಿ ಪೆಟ್ಟಿಗೆಗೆ ಹೆಗಲು ಕೊಡಲು ಬಂದವನನ್ನು ತಳ್ಳಿ "ಯೂದ" ಅಂದೆ. ಎಲ್ಲರ ಎದುರಿಗೆ. ನೆಂಟರ ಬಾಯಲ್ಲಿ ಅದೇ ಅವನ ಹೆಸರಾಗಿಹೋಯಿತು. ನನ್ನ ಮಗಳು ಆಗ ಚಿಕ್ಕವಳು, "ಯೂದ ಮಾಮ" ಅಂದಳು. ನಾನು ನಕ್ಕೆ...

ಯಾಕೆ ಸೇರಿಸಿದೆ ಎಂದು ಅವನನ್ನು ಒಂದು ಸಲವೂ ಕೇಳಿಲ್ಲ.

ಮಾರ್ಚ್ 14, ಸಂಜೆ

ತಮ್ಮನ ಹತ್ತಿರ ಹೋಗಲು ಒಂದು ವಾರ ಬೇಕಾಯಿತು. ಹೊಲಿಗೆ ಮಷಿನ್ ರಿಪೇರಿ ಅಂಗಡಿಯಲ್ಲಿ ಒಬ್ಬನೇ ಇದ್ದ. ಕನ್ನಡಕ ಬಂದಿದೆ, ಯಾವಾಗ ಬಂತೋ. "ಅಕ್ಕಾ" ಅಂತ ಎದ್ದು ಸ್ಟೂಲು ಒರೆಸಿದ. ಕೂರಲಿಲ್ಲ.

"ಅಪ್ಪನ್ನ ಅಲ್ಲಿ ಸೇರಿಸು ಅಂತ ನಿಂಗ್ಯಾರು ಹೇಳಿದ್ದು?"

ಕೈಯಲ್ಲಿದ್ದ ಎಣ್ಣೆ ಡಬ್ಬಿಯನ್ನು ಸುಮ್ಮನೆ ತಿರುಗಿಸಿದ. "ಅಪ್ಪನೇ."

"ನಂಗ್ಯಾಕೆ ಹೇಳ್ಲಿಲ್ಲ?"

"ಆಣೆ ಮಾಡಿಸ್ಕೊಂಡಿದ್ರು. ಅಕ್ಕ ಮಕ್ಕಳಿಗೆ ದೇವರ ಪಾಠ ಹೇಳೋಳು, ಅವಳ ಮುಂದೆ ಮುಖ ಎತ್ತೋಕಾಗಲ್ಲ ಕಣೋ ಅಂತ."

"ಅವರು ಹೋದ್ಮೇಲಾದ್ರೂ ಹೇಳಬಹುದಿತ್ತಲ್ಲೋ..."

"ನೀನು ಕೇಳ್ಲೇ ಇಲ್ವಲ್ಲಕ್ಕ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕ್ಷಮಿಸು ಅನ್ನಬೇಕಿತ್ತು. ಬರ್ತೀನಿ ಅಂದು ಬಂದುಬಿಟ್ಟೆ. ಹೇಡಿ.

ಮಾರ್ಚ್ 22, ಭಾನುವಾರ, ಮಧ್ಯಾಹ್ನ

ಇವತ್ತು ಯೂದನ ಪಾಠ. ಅವನ ಹೆಸರು ಬಂದಾಗೆಲ್ಲ ಮಕ್ಕಳ ಕೈಲಿ "ಛೀ" ಅನ್ನಿಸುವುದು ನನ್ನದೇ ಪದ್ಧತಿ. ಹೆಸರು ಹೇಳಿದ್ದೇ ತಡ, ಇಡೀ ಕ್ಲಾಸು "ಛೀ".

"ಯಾಕೆ ಹಾಗಂತೀರ?" ಅಂದೆ.

"ನೀವೇ ಹೇಳ್ಕೊಟ್ಟಿದ್ದು ಮಿಸ್" ಅಂದಳು ಮುಂದಿನ ಬೆಂಚಿನವಳು.

ಇನ್ನೊಂದು ಹಳೆಯ ಪುಸ್ತಕದಲ್ಲಿ ಬೇರೆ ಥರ ಇದೆ, ಯಾವುದು ನಿಜ ನನಗೂ ಗೊತ್ತಿಲ್ಲ, ಇನ್ನು ಮೇಲೆ ಛೀ ಬೇಡ ಅಂದೆ. ಮಕ್ಕಳು ಮಿಕಿಮಿಕಿ ನೋಡಿದವು.

ಅದೇ ದಿನ, ಸಂಜೆ

ತಮ್ಮನ ನಂಬರು ಮಗಳ ಫೋನಿನಲ್ಲಿ ಸಿಕ್ಕಿತು. 'ಯೂದ ಮಾಮ' ಅಂತಲೇ ಇದೆ. ವಾರವಾರ ಮಾತಾಡಿದ್ದಾಳೆ, ನನಗೆ ಗೊತ್ತಿಲ್ಲದ ಹಾಗೆ. ಈ ಮನೆಯಲ್ಲಿ ಎಲ್ಲರೂ ಮುಚ್ಚಿಡುವುದು ನನ್ನೊಬ್ಬಳಿಂದಲೇ. ಯಾಕೆ ಅಂತ ಈಗ ಗೊತ್ತು. ನಾಚಿಕೆಯಾಗುತ್ತಿದೆ. ಆ ಹೆಸರು ಅಳಿಸಿ ಅವನ ಹೆಸರು ಹಾಕಿದೆ.

ಹೇಳಬೇಕಾದ್ದನ್ನು ಇಲ್ಲಿ ಬರೆದುಕೊಂಡೇ ಫೋನ್ ಮಾಡುತ್ತೇನೆ. ಇಲ್ಲದಿದ್ದರೆ ಮತ್ತೆ ಬರ್ತೀನಿ ಅಂದುಬಿಡುತ್ತೇನೆ.

ತಮ್ಮಾ, ತಪ್ಪಾಯಿತು — ಬೇಡ, ಇದು ಅಕ್ಷರದೋಷಕ್ಕೆ ಹೇಳುವ ಮಾತು.

ತಮ್ಮಾ, ಅವತ್ತು ಗೇಟಿನ ಹತ್ತಿರ, ಎಲ್ಲರ ಎದುರಿಗೆ, ನಾನು ನಿನ್ನನ್ನು ಹಿಡಿದುಕೊಟ್ಟೆ.